ಉಗುರಿಗೆ ಸಿಗದ ಸವೆತ

ಚಿಕ್ಕಪ್ಪ (ಫಾರ್ವರ್ಡ್): ಎಂಜಿನ್ನಿನ ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಬಿಚ್ಚಿದಾಗ ಒಳಗೋಡೆಯ ಮೇಲೆ ಉಗುರು ಎಳೆದು ನೋಡಿ. ಎಲ್ಲೂ ತಡೆಯದಿದ್ದರೆ ಬೋರಿಂಗ್ (ಒಳಗೋಡೆಯನ್ನು ಕೊರೆದು ಅಗಲಿಸುವುದು) ಬೇಕಿಲ್ಲ. ಮೆಕ್ಯಾನಿಕ್ ಮಾತಿಗೆ ಮರುಳಾಗಬೇಡಿ.

ಚಿಕ್ಕಪ್ಪ: ಅಣ್ಣನ ಯೆಜ್ಡಿ ಬೈಕ್ ಬಿಚ್ಚಿರುವ ಹೊತ್ತಿಗೇ ಬಂದಿದೆ. ಎಲ್ಲರೂ ಓದಿರಿ.

ಅಕ್ಕ: ಇದನ್ನು ಬರೆದವರು ಯಾರು, ಯಾವ ಎಂಜಿನ್ನಿನ ಬಗ್ಗೆ ಬರೆದರು ಎಂಬುದನ್ನು ಮೊದಲು ತಿಳಿಸಿ. ಪೆಟ್ರೋಲಿಗೆ ಆಯಿಲ್ ಬೆರೆಸುವ ತಪ್ಪು ಲೆಕ್ಕವನ್ನೂ ನೀವು ಹೀಗೆಯೇ ಕಳಿಸಿದ್ದಿರಿ.

ದೊಡ್ಡಪ್ಪ: ಹಿರಿಯರನ್ನು ಕೇಳುವ ಧಾಟಿ ಇದಲ್ಲಮ್ಮ. ನಾವು ಆಯಿಲನ್ನು ಅಳೆದು ಹಾಕುತ್ತಿದ್ದೆವು, ಗಾಡಿಯೂ ನಮ್ಮ ಮಾತು ಕೇಳುತ್ತಿತ್ತು.

ಭಾವ: ಮೈಸೂರಿನ ಯಾದವಗಿರಿಯ ಯೆಜ್ಡಿ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಮಾವನವರ ಜೋಡಿ ಸೈಲೆನ್ಸರಿನ ಸದ್ದು ಒಂಟಿಕೊಪ್ಪಲಿನ ತಿರುವಿನಿಂದಲೇ ಕೇಳಿಸುತ್ತಿತ್ತು. ಕಿಕ್ಕಿಗೂ ಗೇರಿಗೂ ಒಂದೇ ಲಿವರ್ ಎಂದು ಅವರೇ ನನಗೆ ತೋರಿಸಿಕೊಟ್ಟರು.

ನಾನು: ಚಿಕ್ಕಪ್ಪ, ಉಗುರಿಗೆ ಗೀರು ಸಿಗುತ್ತದೆ, ಎಕ್ಸಾಸ್ಟ್ ಕಿಂಡಿಯ ಅಂಚು ಕಿತ್ತಿದ್ದರೆ ಅದೂ ಸಿಗುತ್ತದೆ, ಆದರೆ ನುಣ್ಣಗೆ ಸವೆದು ಅಗಲವಾದ ಬೋರು (ಸಿಲಿಂಡರಿನ ಒಳರಂಧ್ರ) ಸಿಗುವುದಿಲ್ಲ. ಇಂದು ಪಿಸ್ಟನ್ನಿನ ಹಳೆಯ ರಿಂಗನ್ನೇ ಬೋರಿನೊಳಗಿಟ್ಟು, ಓರೆಯಾಗದಂತೆ ಪಿಸ್ಟನ್ನಿನಿಂದ ತಳ್ಳಿ, ಅದರ ಬಾಯಿಯ ಸಂದನ್ನು ತೆಳು ಪಟ್ಟಿಗಳ ಫೀಲರ್ ಗೇಜಿನಲ್ಲಿ ಅಳೆದೆ. ರಿಂಗು ಉಜ್ಜದ ಕೆಳತುದಿಯಲ್ಲಿ 0.45 ಮಿ.ಮೀ., ಮೇಲಿನ ರಿಂಗು ಹೋಗಿ ಹಿಂದಿರುಗುವ ಜಾಗದಲ್ಲಿ 0.70 ಬಂತು. ಸಂದು ಹಿಗ್ಗುವುದು ಸುತ್ತಳತೆಯ ಲೆಕ್ಕದಲ್ಲಿ, ಆದ್ದರಿಂದ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಮೇಲ್ಭಾಗದ ವ್ಯಾಸ ಸುಮಾರು 0.08 ಮಿ.ಮೀ. ಹಿಗ್ಗಿದೆ ಎಂದಾಯಿತು. ಮೇಲಂಚಿನ ಸಣ್ಣ ಮೆಟ್ಟಿಲನ್ನು ದಾಟಿದರೆ ನನ್ನ ಉಗುರು ಎಲ್ಲೂ ತಡೆಯಲಿಲ್ಲ.

ಅಕ್ಕ: ಇದನ್ನೇ ನಾನು ಕೇಳಿದ್ದು.

ಚಿಕ್ಕಪ್ಪ: ಕೇಳಿದ್ದು ಸರಿ, ಆದರೆ ಹಿಂದೆ ಅಳೆಯದೆಯೇ ಬೋರ್ ಮಾಡಿಸಿದಾಗ ಬೇಡವೆಂದವನು ನಾನೊಬ್ಬನೇ. ಪಿಸ್ಟನ್ ಜಾಮ್ ಆಗಿ ಅಣ್ಣ ಗಾಡಿಯನ್ನು ತಳ್ಳಿಕೊಂಡು ಬಂದದ್ದನ್ನು ನಾನು ಮರೆತಿಲ್ಲ. ಪ್ರತಿ ಬೋರಿಂಗೂ ಗೋಡೆಯ ಕಬ್ಬಿಣವನ್ನು ತಿನ್ನುತ್ತದೆ.

ದೊಡ್ಡಪ್ಪ: ಆ ಮಾತನ್ನು ಈಗ ಎತ್ತುವುದು ಬೇಡ.

ನಾನು: ಎತ್ತಲೇಬೇಕು ದೊಡ್ಡಪ್ಪ, ಬ್ಲಾಕಿನಲ್ಲಿ ಇನ್ನೆಷ್ಟು ಉಳಿದಿದೆ ಎಂಬುದು ಅದರಿಂದಲೇ ತಿಳಿಯುವುದು. ರಿಂಗಿನ ಸಂದು ಬೋರು ಅಂಡಾಕಾರವಾಗಿದೆಯೇ ಎಂದು ಹೇಳದು. ನಾಳೆ ಲೇತ್ ಅಂಗಡಿಯಲ್ಲಿ ಒಳವ್ಯಾಸ ಅಳೆಯುವ ಬೋರ್ ಗೇಜ್ ಇಟ್ಟು, ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಕ್ರ್ಯಾಂಕಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆಸುತ್ತೇನೆ.

ಚಿಕ್ಕಪ್ಪ: ಅದಕ್ಕೂ ಮುಂಚೆ ಪಿಸ್ಟನ್ನಿನ ತಲೆಯ ಕಾರ್ಬನ್ ಕೆರೆದು, ಯಾವ ಓವರ್‌ಸೈಜ್ ಅಂಕೆ (ಮೂಲ ಅಳತೆಗಿಂತ ಎಷ್ಟು ಮಿ.ಮೀ. ದೊಡ್ಡದು ಎಂಬುದು) ಇದೆ ನೋಡು.

ನಾನು: ಕೆರೆದು ನೋಡಿದೆ. 0.50 ಎಂದಿದೆ.