ಸಮೃದ್ಧ ಜೀವವೋ, ಸಮೃದ್ಧ ಜೀವನವೋ? (ಯೋಹಾನ 10:9-10)

ಎಲ್ಲರಿಗೂ ನಮಸ್ಕಾರ.

ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ತಮ್ಮನ್ನು ಕುರಿಹಟ್ಟಿಯ ಬಾಗಿಲು ಎಂದು ಕರೆದುಕೊಳ್ಳುತ್ತಾರೆ. ಕಳ್ಳ ಬರುವುದು ಕದಿಯಲು, ಕೊಲ್ಲಲು, ಹಾಳುಮಾಡಲು. ತಾವು ಬಂದದ್ದು ಕುರಿಗಳಿಗೆ ಜೀವ ಇರಲಿ, ಅದೂ ಸಮೃದ್ಧಿಯಾಗಿ ಇರಲಿ ಎಂದು. ಪ್ರಾರ್ಥನೆ, ಪ್ರಸಂಗಗಳಲ್ಲಿ ಈ ಮಾತು ಸುಮಾರು ಸಲ 'ಸಮೃದ್ಧ ಜೀವನ' ಆಗಿಬಿಡುತ್ತದೆ. ಇದು ಸರಿಯೇ ಎಂಬುದು ನನ್ನ ಮೊದಲ ಪ್ರಶ್ನೆ.

ಒಂದೇ ಅಕ್ಷರ ಜಾಸ್ತಿ, ನಿಜ. ಆದರೆ 'ಜೀವನಕ್ಕೆ ಏನು ಮಾಡ್ಕೊಂಡಿದ್ದೀರಿ' ಎಂದರೆ ನಾವು ಕೇಳುವುದು ಸಂಪಾದನೆಯನ್ನೇ ಅಲ್ವಾ? ಸುವಾರ್ತೆಗಳ ಮೂಲ ಭಾಷೆಯಾದ ಗ್ರೀಕಿನಲ್ಲಿ ಆ ಅರ್ಥಕ್ಕೂ ಹೊಂದುವ ಬೇರೆ ಪದವಿದೆ, 'ಬಿಯೊಸ್'. ಎರಡು ಪುಟ್ಟ ಕಾಸು ಕಾಣಿಕೆ ಹಾಕಿದ ಬಡ ವಿಧವೆ ತನ್ನ ಇಡೀ 'ಬಿಯೊಸ್' ಹಾಕಿದಳು ಎನ್ನುತ್ತದೆ ಮಾರ್ಕ 12:44. ಅಲ್ಲಿ 'ಜೀವನ' ಚೆನ್ನಾಗಿ ಹೊಂದುತ್ತದೆ. ಯೋಹಾನ 10:10ರಲ್ಲಿ ಇರುವುದು 'ಜೊಏ', ಜೀವ. ಇದೇ ಸುವಾರ್ತೆಯ 17:3 ಅದನ್ನು ಬಿಡಿಸಿ ಹೇಳುತ್ತದೆ: ದೇವರನ್ನೂ ದೇವರು ಕಳಿಸಿದ ಕ್ರಿಸ್ತನನ್ನೂ ತಿಳಿಯುವುದೇ ನಿತ್ಯಜೀವ.

ಇನ್ನು 'ಸಮೃದ್ಧಿ'. ಮೂಲದ 'ಪೆರಿಸ್ಸೊಸ್' ಎಂದರೆ ಬೇಕಾದ್ದಕ್ಕಿಂತ ಮಿಕ್ಕಿದ್ದು. ಯೋಹಾನನ 6ನೇ ಅಧ್ಯಾಯದಲ್ಲಿ ಯೇಸು ಜನರಿಗೆ ಹಂಚಿದ್ದು ಐದು ಜವೆಗೋಧಿಯ ರೊಟ್ಟಿ, ಎರಡು ಮೀನು. ಜನರೆಲ್ಲ ಹೊಟ್ಟೆತುಂಬ ಉಂಡ ಮೇಲೂ ರೊಟ್ಟಿಯ ತುಂಡುಗಳು 12 ಬುಟ್ಟಿ ತುಂಬಿದವು. ಅಲ್ಲಿನ 'ಮಿಕ್ಕಿದ' ಎಂಬ ಮಾತೂ ಇದೇ ಬಳಗದ್ದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಲೂಕ 12:15. ಒಬ್ಬನಿಗೆ ಎಷ್ಟೇ ಆಸ್ತಿ ಮಿಕ್ಕಿದ್ದರೂ ಅವನ ಜೀವ ಅದರಲ್ಲಿಲ್ಲ ಎಂದು ಯೇಸು ಅಲ್ಲಿ ಎಚ್ಚರಿಸುತ್ತಾರೆ. ಅಲ್ಲೂ 'ಜೊಏ', ಅಲ್ಲೂ ಅದೇ ಬಳಗದ ಕ್ರಿಯಾಪದ. ಅದರ ಬೆನ್ನಿಗೇ ಬರುವುದು ದೊಡ್ಡ ಕಣಜ ಕಟ್ಟಲು ಹೊರಟು ಅದೇ ರಾತ್ರಿ ಸಾಯುವ ಸಿರಿವಂತನ ಕಥೆ. ಹಾಗಿರುವಾಗ 10:10ನ್ನು ಹಣದ ಭರವಸೆಯಾಗಿ ಓದುವುದು ನನಗೆ ಒಪ್ಪುವುದಿಲ್ಲ. ಕಷ್ಟದಲ್ಲಿರುವವರಿಗೆ, ನಿಮ್ಮ ನಂಬಿಕೆ ಸಾಲದು ಎಂದು ಹೇಳಿದಂತಾಗುತ್ತದೆ.

ಎರಡನೇ ಪ್ರಶ್ನೆ ಹಿಂದಿನ ವಚನದ್ದು (ಯೋಹಾನ 10:9): ಅಲ್ಲಿನ 'ರಕ್ಷಣೆ'ಗೆ ಯಾವ ಪದ ಹೊಂದುತ್ತದೆ? ಆ ಬಾಗಿಲಿನಿಂದ ಒಳಗೆ ಹೋದವನು ರಕ್ಷಣೆ ಹೊಂದುತ್ತಾನೆ, ಒಳಗೆ ಹೋಗುತ್ತಾನೆ, ಹೊರಗೆ ಬರುತ್ತಾನೆ, ಮೇವು ಕಾಣುತ್ತಾನೆ. ಇಲ್ಲಿನ 'ರಕ್ಷಣೆ'ಗೆ ಮೂಲದ ಕ್ರಿಯಾಪದ 'ಸೋಜೋ'. 12 ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿಗೆ, ನಿನ್ನ ನಂಬಿಕೆಯೇ ನಿನ್ನನ್ನು ಗುಣಪಡಿಸಿತು ಎಂದು ಯೇಸು ಹೇಳುವಾಗಲೂ (ಮಾರ್ಕ 5:34) ಇದೇ ಪದ. ಕಾಪಾಡುವುದು, ವಾಸಿಮಾಡುವುದು ಎರಡೂ ಇದರಲ್ಲಿವೆ. 'ರಕ್ಷಣೆ'ಯಲ್ಲಿ ವಾಸಿಯಾದ ಅರ್ಥ ಕೇಳಿಸುವುದಿಲ್ಲ. 'ಸುರಕ್ಷಿತ' ಎಂದರೆ ಬಾಗಿಲು ಹಾಕಿಕೊಂಡು ಒಳಗೇ ಕೂತ ಹಾಗೆ. ಇಲ್ಲಿನ ಕುರಿಯೋ ಹೊರಗೂ ಹೋಗುತ್ತದೆ, ಮೇಯುತ್ತದೆ, ಮತ್ತೆ ಬರುತ್ತದೆ. ಕೀರ್ತನೆ 121ರ ಕೊನೆಯಲ್ಲೂ ದೇವರು ಕಾಯುವುದು ಹೋಗುವುದನ್ನೂ ಬರುವುದನ್ನೂ. ನಾವು 'ಹೋಗಿ ಬರ್ತೀನಿ' ಎನ್ನುವವರಿಗೆ ಇದು ಬೇಗ ಅರ್ಥವಾಗಬೇಕು.

'ಕ್ಷೇಮ' ಎಂದರೆ ಹೇಗೆ? ಕ್ಷೇಮವಾಗಿ ಹೋಗಿ ಬಾ ಎನ್ನುತ್ತೇವೆ, ಮೈ ಚೆನ್ನಾಗಿರುವುದನ್ನೂ ಕ್ಷೇಮ ಎನ್ನುತ್ತೇವೆ. ಆದರೆ ಪಾಪದಿಂದ ಬಿಡುಗಡೆ ಎಂಬ ತೂಕವನ್ನು ಅದು ಹೊರುತ್ತದೆಯೇ? 'ಸಮೃದ್ಧ ಜೀವನ'ದ ಬದಲು ನಾನು 'ತುಂಬಿ ಮಿಗುವ ಜೀವ' ಎಂದು ಬಳಸಬೇಕೆಂದಿದ್ದೇನೆ. ಬೇರೆ ಬೇರೆ ಅನುವಾದಗಳನ್ನು ಹೋಲಿಸಿ ಓದಿದವರು ಈ ಎರಡರ ಬಗ್ಗೆಯೂ ತಿಳಿಸಿ.