ಕಾದಂಬರಿ ಓದಿ ಇತಿಹಾಸ ಕಲಿತವರು ಅನುಭವ ಹೇಳ್ರಿ

ಗಂಗಾವತಿ ಅಪ್ಪ: ಮಗಳು ಪಿಯುಸಿ ಎರಡನೇ ವರ್ಷ. ಅಫೀಮು ವ್ಯಾಪಾರ, ಕೂಲಿಗಳ ವಲಸೆ ಅಂತ ಹುಚ್ಚು ಹಿಡದೈತಿ. ಅಮಿತಾವ್ ಘೋಷ್ ಅವರ ಅಫೀಮಿನ ಮೂರು ಸಂಪುಟದ ಕಾದಂಬರಿ ಕೊಡಸ್ಲೋ, ಮೊದಲು ಇತಿಹಾಸದ ಪುಸ್ತಕಾನೋ? 1,500 ರೂಪಾಯಿ ಒಳಗ.

ಬಳ್ಳಾರಿ ಹತ್ತಿ: ಕಣ್ಣು ಮುಚ್ಚಿ ಕಾದಂಬರಿ ಕೊಡಸ್ರಿ. ನಾನು 52ಕ್ಕ ಶುರು ಮಾಡಿದವ. ಮೊದಲನೇದು 350. ಎರಡನೇದು ಹಳೇದು, 220, ಮಳ್ಯಾಗ ತೊಯ್ದು ಬಂತು, ನಡುವ 16 ಪುಟ ಇಲ್ಲ. ಮಾರಿದವ ಫೋನ್ ಎತ್ತಲಿಲ್ಲ. ಆ 16 ಪುಟದ ಜೆರಾಕ್ಸಿಗೆ ಧಾರವಾಡಕ್ಕ ಹೋಗಿ ಬಂದೆ, ಬಸ್ಸು ಊಟ ಸೇರಿ 640! ಹಡಗಿನ ಖಲಾಸಿಗಳ ಕಲಬೆರಕೆ ಮಾತು ತಿಳೀದ ಮೊದಲನೇದಕ್ಕೇ ಏಳು ತಿಂಗಳು ಹಿಡೀತು. ಆದ್ರ ಗಾಜಿಪುರದ ಕಾರ್ಖಾನಿ, ರೈತಗ ಮುಂಗಡ ಕೊಟ್ಟು ಗಸಗಸೆ ಬೆಳಸಿ ತಾವು ಹೇಳಿದ ರೇಟಿಗೇ ತಗೊಳ್ಳೋದು... ಮೂವತ್ತು ವರ್ಷ ಅಡತಿ ಅಂಗಡ್ಯಾಗ ಲೆಕ್ಕ ಬರದ್ರೂ ಮುಂಗಡ ಅಂದ್ರ ಏನಂತ ಅವತ್ತೇ ತಿಳದದ್ದು.

ರಾಯಚೂರು ದೋಆಬ್: ಹಾಂಗ ನಂಬೇ ನಾನು ಕೆಟ್ಟೆ. ಕೆಎಎಸ್ ಕೋಚಿಂಗಿಗೆ 38,000, ರೂಮಿಗೆ ತಿಂಗಳಿಗೆ 4,500, ಹನ್ನೊಂದು ತಿಂಗಳು. ಮೇನ್ಸಿನಾಗ ಕರಾರಿನ ಕೂಲಿಗಳೆಲ್ಲ (ಇಂತಿಷ್ಟು ವರ್ಷ ದುಡೀತೀವಿ ಅಂತ ಬರಕೊಟ್ಟು ಪರದೇಶಕ್ಕ ಹೋದವರು) ಕಲ್ಕತ್ತಾದಾಗ ಹಡಗು ಹತ್ತಿದ ಭೋಜಪುರಿಯವರು ಅಂತ ಬರದೆ. ಮದ್ರಾಸಿನಿಂದ ಹೋದವರು ಕಡಿಮಿ ಏನು? 1834ರಿಂದ 1917ರ ತನಕ ನಡದ ಸಾಗಣೆ, ಟ್ರಿನಿಡಾಡು, ಫಿಜಿವರೆಗೂ. ಮೊದಲನೇ ಕಾದಂಬರ್ಯಾಗ ಇರೋದು 1838ರ ಒಂದು ಹಡಗು. ಆರು ಅಂಕಕ್ಕ ತಪ್ಪೀತು. ಆರು!

ಬಳ್ಳಾರಿ ಹತ್ತಿ: ಓದಾಕ ಬರದಿದ್ರ ಅದು ಕಾದಂಬರಿ ತಪ್ಪೇನು?

ಕೊಪ್ಪಳ ಟೀಚರ್: ಇಬ್ಬರಿಗೂ ರೊಕ್ಕ, ಅಂಕ ಇಷ್ಟೇ. ನನ್ನ ತೌರು ಬಳ್ಳಾರಿ ಕಡೆ. ಹಡಗಿನ ಕಥಿ ಓದಿ ಮೂರು ದಿನ ನಿದ್ದಿ ಬರಲಿಲ್ಲ. ಆಮ್ಯಾಲೆ ಧಾತು-ಈಶ್ವರ ಸಂವತ್ಸರದ ಬರ ಹುಡುಕಿ ಓದಿದೆ. 1877ರಾಗ ನಮ್ಮ ಬಳ್ಳಾರಿನೂ ಆಳ್ತಿದ್ದ ಮದ್ರಾಸ್ ಸರ್ಕಾರದ ಪರಿಹಾರ ಕಾಮಗಾರಿಯಾಗ ದುಡಿಯೋ ಗಂಡಾಳಿಗೆ ದಿನಕ್ಕ ಒಂದು ಪೌಂಡು ಧಾನ್ಯ, ಒಂದು ಆಣೆ. ಜನ ಯಾಕ ಹಡಗು ಹತ್ತಿದ್ರು ಅಂತ ಬ್ಯಾರೆ ಹೇಳಬೇಕಾ? ಸಾಲಿ ಲೈಬ್ರರಿಗೆ ತರಿಸ್ರಿ ಅಂದ್ರ ಹೆಡ್ಮಾಸ್ಟರ್ರು "ಸಿಲೆಬಸ್ಸಿನಾಗಿಲ್ಲ" ಅಂದ್ರು. ಸ್ವಂತ 1,140 ಹಾಕಿ ತಂದಿಟ್ಟೆ. ಬೇಸಗಿ ರಜಾ ಮುಗಿಸಿ ಬಂದ್ರ ಗೆದ್ದಲು ತಿಂದಿತ್ತು.

ರಾಯಚೂರು ದೋಆಬ್: ಟೀಚರ್ರ, ಬರ ಬಳ್ಳಾರಿಯವರದ್ದಷ್ಟೇ ಅಲ್ಲ. ಅವರದು ಯಾವಾಗಲೂ ಹತ್ತಿ ಹತ್ತಿ. ಅಮೆರಿಕದ ಅಂತರ್ಯುದ್ಧ ನಡದಾಗ ಅಲ್ಲಿ ಹತ್ತಿ ಬರೋದು ನಿಂತು ಏರಿದ್ದ ರೇಟು 1865ಕ್ಕ ಯುದ್ಧ ಮುಗೀತಲೇ ಬಿತ್ತು, ಅದನ್ನ ಹೇಳಂಗಿಲ್ಲ. 1871ರಾಗ ಮುಂಬೈ ರೈಲು, ಮದ್ರಾಸ್ ರೈಲು ಕೂಡಿದ್ದು ನಮ್ಮ ರಾಯಚೂರಾಗ.

ಬಳ್ಳಾರಿ ಹತ್ತಿ: ನಮ್ಮನ್ನ 1800ರಾಗ ಈಸ್ಟ್ ಇಂಡಿಯಾ ಕಂಪನಿಗೆ ಬರಕೊಟ್ಟವನು ನಿಮ್ಮ ಹೈದರಾಬಾದಿನ ನಿಜಾಮನೇ.

ರಾಯಚೂರು ದೋಆಬ್: ನಾನೇನು ಸಹಿ ಹಾಕೀನೇನ್ರಿ?

ಗಂಗಾವತಿ ಅಪ್ಪ: ಸರ್ರ, ಮಗಳಿಗೆ ಯಾವುದು ಕೊಡಸ್ಲಿ?

ರಾಯಚೂರು ದೋಆಬ್: ನನ್ನ ಮೂರೂ ಮಾರಾಕಿಟ್ಟೀನಿ. 600.

ಬಳ್ಳಾರಿ ಹತ್ತಿ: ತಡೀರಿ ಗಂಗಾವತಿಯವರ. ಮೊದಲು ಪುಟ ಎಣಿಸಾಕ ಹೇಳ್ರಿ.