ಓದುಗರ ಸ್ಪಂದನ: ಆ ಕಾಗದಕ್ಕೆ ಸಹಿ ಹಾಕಬೇಕೆ?

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟವನ್ನು ತೋಡಿಕೊಂಡಿದ್ದರು. ಮದುವೆಯಾಗಿ 14 ವರ್ಷ, ಇಬ್ಬರು ಹೆಣ್ಣುಮಕ್ಕಳು. ಗಂಡುಮಗುವಿಲ್ಲದಿದ್ದರೆ ಅಂಗಡಿ, ಮನೆ ಎಲ್ಲವೂ ತಮ್ಮಂದಿರ ಪಾಲಾಗುತ್ತದೆ ಎಂದು ಪತಿ ಎರಡನೇ ನಿಕಾಹ್‌ಗೆ ಹೊರಟಿದ್ದಾರೆ. ಧರ್ಮವೇ ಅನುಮತಿ ಕೊಟ್ಟಿದೆ ಎನ್ನುತ್ತ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ, ಏಕೆಂದರೆ ನಾನು ಮೊದಲ ಹೆಂಡತಿಯ ಮಗಳು. ನನ್ನ ಅಬ್ಬಾ ನಾಟಾ ವ್ಯಾಪಾರದಲ್ಲಿದ್ದರು. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಭದ್ರಾವತಿಯಲ್ಲಿ ಎರಡನೇ ಮನೆ ಮಾಡಿದರು. ವಾರದಲ್ಲಿ ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ, ಶುಕ್ರವಾರ ಸರದಿಯ ಮೇಲೆ ಎಂದು ಹಿರಿಯರ ಎದುರಿನಲ್ಲಿ ಮಾತಾಗಿತ್ತು. ಮೊದಲ ಮಳೆಗಾಲದಲ್ಲಿಯೇ ಆ ಮಾತು ಕೊಚ್ಚಿಹೋಯಿತು. ರಸ್ತೆ ಕೆಟ್ಟಿದೆ, ಲಾರಿ ನಿಂತಿದೆ ಎಂಬ ಸುದ್ದಿ ಬರುತ್ತಿತ್ತು, ಅಬ್ಬಾ ಬರುತ್ತಿರಲಿಲ್ಲ. ರಂಜಾನ್ ತಿಂಗಳಲ್ಲಿ ಅಮ್ಮಿ ಇಫ್ತಾರಿಗೆ ಅವರ ತಟ್ಟೆಯನ್ನೂ ಹಾಕಿ, ಅದರ ಮೇಲೆ ಇನ್ನೊಂದು ತಟ್ಟೆಯನ್ನು ಬೋರಲು ಮುಚ್ಚಿಡುತ್ತಿದ್ದರು. ತರಾವೀಹ್ ನಮಾಜು ಮುಗಿಸಿ ಜನ ಮನೆಗೆ ಮರಳುವ ಸದ್ದು ಬೀದಿಯಲ್ಲಿ ಅಡಗಿದ ಮೇಲೆಯೇ ಆ ತಟ್ಟೆಯ ಖರ್ಜೂರ ನಮ್ಮ ಕೈಗೆ ಬರುತ್ತಿತ್ತು. ಅಡಿಕೆ ಸುಗ್ಗಿಯಲ್ಲಿ ಅಮ್ಮಿ ಊರಿನ ತೋಟದವರ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ನಡುರಾತ್ರಿಯವರೆಗೆ ಅಡಿಕೆ ಸುಲಿದು ನಮ್ಮನ್ನು ಓದಿಸಿದರು.

ಆ ಚಿಕ್ಕಮ್ಮ ಕೆಟ್ಟವರಾಗಿರಲಿಲ್ಲ. ಅವರ ಕಷ್ಟವೂ ಕಡಿಮೆಯದಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಅಬ್ಬಾ ತೀರಿಕೊಂಡಾಗ ಇಬ್ಬರೂ ಎರಡು ಊರುಗಳಲ್ಲಿ 4 ತಿಂಗಳು 10 ದಿನ ಇದ್ದತ್ (ಗಂಡ ತೀರಿದ ಮೇಲೆ ವಿಧವೆ ಪಾಲಿಸುವ ಕಾಯುವ ಅವಧಿ) ಕೂತರು. ಮಕ್ಕಳಿರುವ ವಿಧವೆಗೆ ಸಲ್ಲುವುದು ಆಸ್ತಿಯ ಎಂಟನೆಯ ಒಂದು ಪಾಲು. ಹೆಂಡತಿಯರು ಇಬ್ಬರಿದ್ದರೆ ಅದೇ ಪಾಲನ್ನು ಇಬ್ಬರೂ ಹಂಚಿಕೊಳ್ಳಬೇಕು. ಅಮ್ಮಿಗೆ ದಕ್ಕಿದ್ದು ಹದಿನಾರರಲ್ಲಿ ಒಂದು.

ನಿಮ್ಮ ಪತಿ ಧರ್ಮದ ಮಾತೆತ್ತಿದ್ದಾರೆ, ಹಾಗಾಗಿ ಧರ್ಮದ ಮಾತನ್ನೇ ಪೂರ್ತಿಯಾಗಿ ಹೇಳುತ್ತೇನೆ. ನಾಲ್ವರವರೆಗೆ ಮದುವೆಯಾಗಬಹುದು ಎನ್ನುವ ವಚನ ಕುರ್‌ಆನಿನ 'ಅನ್ನಿಸಾ' ಅಧ್ಯಾಯದ ಮೂರನೆಯದು. ಅದು ಅನಾಥರ ಮಾತಿನಿಂದ ಆರಂಭವಾಗುತ್ತದೆ. ಕ್ರಿ.ಶ. 625ರ ಉಹುದ್ ಯುದ್ಧದಲ್ಲಿ ಸುಮಾರು 70 ಮಂದಿ ಮಡಿದು, ಆ ಚಿಕ್ಕ ಸಮುದಾಯದಲ್ಲಿ ವಿಧವೆಯರೂ ತಬ್ಬಲಿ ಮಕ್ಕಳೂ ತುಂಬಿಕೊಂಡಿದ್ದ ಕಾಲದಲ್ಲಿ ಆ ವಚನ ಬಂದಿತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅದೇ ವಚನದಲ್ಲಿ, ನ್ಯಾಯವಾಗಿ ನಡೆದುಕೊಳ್ಳಲಾರೆವೆಂಬ ಭಯವಿದ್ದರೆ ಒಬ್ಬಳೇ ಸಾಕು ಎಂದಿದೆ. ಎಷ್ಟು ಆಸೆಪಟ್ಟರೂ ಹೆಂಡತಿಯರ ನಡುವೆ ಸಮನಾಗಿ ನಡೆಯಲು ನಿಮ್ಮಿಂದಾಗದು, ಆದ್ದರಿಂದ ಒಬ್ಬಳ ಕಡೆಗೇ ಪೂರ್ತಿ ವಾಲಿ ಇನ್ನೊಬ್ಬಳನ್ನು ತೂಗುಬಿಟ್ಟಂತೆ ಮಾಡಬೇಡಿ ಎಂದು ಅದೇ ಅಧ್ಯಾಯದ 129ನೇ ವಚನ ಎಚ್ಚರಿಸುತ್ತದೆ. ಇದು ಮನಸ್ಸಿನ ಒಲವಿಗೆ ಸಂಬಂಧಿಸಿದ್ದು, ಅನ್ನ, ಬಟ್ಟೆ, ಮನೆ, ಸರದಿಗಳಲ್ಲಿ ಸಮಾನತೆ ಸಾಧ್ಯ ಎಂದು ಹಿಂದಿನ ಅನೇಕ ವಿದ್ವಾಂಸರು ಅರ್ಥೈಸಿದ್ದಾರೆ, ನಿಜ. ಆದರೆ ನಮ್ಮ ಮನೆಯಲ್ಲಿ ಸರದಿಯೇ ನಡೆಯಲಿಲ್ಲ. ಇದು ಷರತ್ತಿಗೆ ಒಳಪಟ್ಟ ಅನುಮತಿ, ಆಜ್ಞೆಯಲ್ಲ. ಆ ಷರತ್ತನ್ನು ಪಾಲಿಸುವ ಶಕ್ತಿ ತಮಗಿದೆಯೇ ಎಂದು ಪತಿ ತಮ್ಮನ್ನೇ ಕೇಳಿಕೊಳ್ಳಲಿ. ನೀವು ಬೇಡವೆಂದರೆ ಧರ್ಮವನ್ನು ಮೀರಿದಂತಲ್ಲ.
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಸಹಿ ಹಾಕಬೇಡಿ. ಎರಡನೇ ನಿಕಾಹ್‌ಗೆ ಮೊದಲ ಹೆಂಡತಿಯ ಒಪ್ಪಿಗೆ ಬೇಕೆಂದು ನಮ್ಮಲ್ಲಿ ಮುಸ್ಲಿಂ ವೈಯಕ್ತಿಕ ಕಾನೂನು ಹೇಳುವುದಿಲ್ಲ. ಹಾಗಿದ್ದೂ ನಿಮ್ಮ ಸಹಿ ಕೇಳುತ್ತಿದ್ದಾರೆಂದರೆ, ನಾಳೆ ನೀವು ನ್ಯಾಯಾಲಯಕ್ಕೆ ಹೋದ ದಿನ ಆ ಕಾಗದ ನಿಮ್ಮ ವಿರುದ್ಧವೇ ಎದ್ದು ನಿಲ್ಲಬಹುದು. ಒಂದಕ್ಕಿಂತ ಹೆಚ್ಚು ಹೆಂಡತಿಯರಿದ್ದು ಕುರ್‌ಆನಿನ ವಿಧಿಯಂತೆ ಸಮನಾಗಿ ನೋಡಿಕೊಳ್ಳದಿದ್ದರೆ ಅದು ಕ್ರೌರ್ಯವೆಂದೂ, ಆ ಕಾರಣಕ್ಕೆ ಹೆಂಡತಿ ವಿಚ್ಛೇದನ ಪಡೆಯಬಹುದೆಂದೂ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಹೇಳುತ್ತದೆ. ಎರಡು ವರ್ಷ ಜೀವನಾಂಶ ಕೊಡದಿದ್ದರೂ ಅದೇ ಹಕ್ಕಿದೆ. ಎರಡನೇ ಮದುವೆ ಮಾಡಿಕೊಂಡ ಗಂಡ, ಮೊದಲ ಹೆಂಡತಿ ತನ್ನೊಡನೆ ಬಂದು ಬಾಳಲೇಬೇಕೆಂದು ಹೂಡಿದ್ದ ದಾವೆಯನ್ನು ಅಲಹಾಬಾದ್ ಹೈಕೋರ್ಟ್ 1960ರಲ್ಲಿಯೇ ಮಾನ್ಯ ಮಾಡಲಿಲ್ಲ. ನಮ್ಮ ಹೈಕೋರ್ಟಿನ ಕಲಬುರಗಿ ಪೀಠವು 2020ರಲ್ಲಿ, ಇಂಥ ಮದುವೆ ಕಾನೂನುಬದ್ಧವೇ ಆಗಿದ್ದರೂ ಮೊದಲ ಪತ್ನಿಗೆ ಅದು ಭಾರಿ ಕ್ರೌರ್ಯವಾಗುತ್ತದೆ ಎಂದಿತು. ಪತಿ ಇನ್ನೊಂದು ಮದುವೆಯಾದರೆ ನೀವು ಬೇರೆಯಾಗಿದ್ದುಕೊಂಡೇ ಜೀವನಾಂಶ ಕೇಳಬಹುದು. ಈಗಿರುವ ಮನೆಯಿಂದ ನಿಮ್ಮನ್ನು ಹೊರಹಾಕದಂತೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ರಕ್ಷಣೆ ಕೊಡುತ್ತದೆ.

ಆಸ್ತಿಯ ವಿಷಯದಲ್ಲಿ ನಿಮ್ಮ ಪತಿಯ ಲೆಕ್ಕ ತಪ್ಪಿದೆ. ಅವರ ತಂದೆತಾಯಿ ಇಲ್ಲವೆಂದುಕೊಂಡರೆ, ಸುನ್ನಿಗಳ ಹನಫಿ ಪದ್ಧತಿಯಲ್ಲಿ ಹೆಂಡತಿಗೆ ಎಂಟನೆಯ ಒಂದು, ಇಬ್ಬರು ಹೆಣ್ಣುಮಕ್ಕಳಿಗೆ ಸೇರಿ ಮೂರರಲ್ಲಿ ಎರಡು ಪಾಲು ಹೋಗುತ್ತದೆ. ಸೋದರರಿಗೆ ಉಳಿಯುವುದು 24ರಲ್ಲಿ 5 ಭಾಗ ಮಾತ್ರ. ಅದೂ ಹೋಗಬಾರದೆಂದಿದ್ದರೆ ಬದುಕಿರುವಾಗಲೇ ಮಕ್ಕಳಿಗೆ 'ಹಿಬಾ' (ದಾನ) ಮಾಡಿ ಸ್ವಾಧೀನ ಬಿಟ್ಟುಕೊಟ್ಟರಾಯಿತು. ಅದಕ್ಕಾಗಿ ಇನ್ನೊಂದು ಹೆಣ್ಣಿನ ಬದುಕನ್ನು ನಡುವೆ ಎಳೆದು ತರುವ ಅಗತ್ಯವಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಮೊದಲು ಅಲ್ಲಿಗೆ ಹೋಗಿ.
– ವಕೀಲೆ, ಶಿವಮೊಗ್ಗ

ಇದು ನಿಮ್ಮ ಸಮುದಾಯದ ಪಿಡುಗು ಎಂದು ಯಾರಾದರೂ ಚುಚ್ಚಿದರೆ ಕುಗ್ಗಬೇಡಿ. ನನ್ನ ಅಜ್ಜಿಯೂ ಸಂತಾನವಿಲ್ಲವೆಂಬ ಕಾರಣಕ್ಕೆ ಸವತಿಯೊಡನೆ ಬಾಳಿದವರು. ನಮ್ಮಲ್ಲಿ ಅದಕ್ಕೆ ತಡೆ ಬಿದ್ದದ್ದು 1955ರ ಹಿಂದೂ ವಿವಾಹ ಕಾಯ್ದೆಯಿಂದ. ಅಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಪತಿಗೆ ಬೇರೆ ಹೆಂಡತಿಯೂ ಇದ್ದಾಳೆ ಎಂದವರು ಹಿಂದೂಗಳಲ್ಲಿ ಶೇ 1.3, ಮುಸ್ಲಿಮರಲ್ಲಿ ಶೇ 1.9. ಅಂದರೆ ನಿಮ್ಮವರಲ್ಲಿಯೂ ನೂರಕ್ಕೆ ತೊಂಬತ್ತೆಂಟು ಮನೆಗಳಲ್ಲಿ ಒಬ್ಬಳೇ ಹೆಂಡತಿ. ರೂಢಿ ಎಂದರೆ ಅದು.
– ಗೃಹಿಣಿ, ಸಾಗರ

ಸೋದರಿ, ನಾನು ನಮ್ಮೂರ ಮಸೀದಿಯ ಜಮಾಅತ್ ಸಮಿತಿಯಲ್ಲಿರುವವನು. ಗಂಡುಮಗನಿಲ್ಲದೆ ವಂಶವಿಲ್ಲ ಎನ್ನುವವರಿಗೆ ಒಂದು ಮಾತು ನೆನಪಿಸಬೇಕು: ಪ್ರವಾದಿಯವರ ಗಂಡುಮಕ್ಕಳು ಎಳವೆಯಲ್ಲಿಯೇ ತೀರಿಕೊಂಡರು, ಅವರ ವಂಶ ಮುಂದುವರಿದದ್ದು ಮಗಳು ಫಾತಿಮಾ ಅವರಿಂದ. ಮೊದಲ ಪತ್ನಿ ಖದೀಜಾ ಅವರು ಬದುಕಿದ್ದ ಸುಮಾರು 25 ವರ್ಷ ಪ್ರವಾದಿಯವರು ಇನ್ನೊಂದು ಮದುವೆಯಾಗಲಿಲ್ಲ. ಅಳಿಯ ಅಲಿ ಅವರಿಗೆ ಇನ್ನೊಂದು ಸಂಬಂಧದ ಮಾತು ಬಂದಾಗ, ಫಾತಿಮಾ ನನ್ನದೇ ಒಂದು ಅಂಶ, ಅವಳನ್ನು ನೋಯಿಸುವುದು ನನ್ನನ್ನೂ ನೋಯಿಸುತ್ತದೆ ಎಂದು ಪ್ರವಾದಿಯವರು ಅನುಮತಿ ನಿರಾಕರಿಸಿದ್ದು ಹದೀಸ್ (ಪ್ರವಾದಿಯವರ ನಡೆನುಡಿ) ಸಂಗ್ರಹವಾದ ಸಹೀಹ್ ಬುಖಾರಿಯಲ್ಲಿದೆ.

ನಮ್ಮ ಸಮಿತಿಗಳೂ ತಪ್ಪು ಮಾಡಿವೆ. ಎರಡನೇ ನಿಕಾಹ್ ಓದಿಸುವಾಗ ಮೊದಲ ಮನೆಯ ಖರ್ಚಿಗೆ ದಾರಿಯೇನು ಎಂದು ನಾವು ಕೇಳಬೇಕಿತ್ತು, ಕೇಳಲಿಲ್ಲ. ಗಂಡ ಮರುಮದುವೆಯಾದರೆ ಹೆಂಡತಿಯೇ ತಲಾಕ್ ಪಡೆದುಕೊಳ್ಳುವ ಅಧಿಕಾರವನ್ನು ಮದುವೆಯ ಕರಾರು ಪತ್ರವಾದ ನಿಕಾಹ್‌ನಾಮಾದಲ್ಲಿ ಷರತ್ತಾಗಿ ಬರೆಸಲು ಶರೀಅತ್ತಿನಲ್ಲಿ ಅವಕಾಶವಿದೆ. ನನ್ನ ಮಗಳ ನಿಕಾಹ್‌ನಲ್ಲಿ ಅದನ್ನು ಬರೆಸಿದ್ದೇನೆ, ನಿಮ್ಮ ಹೆಣ್ಣುಮಕ್ಕಳಿಗೂ ಮರೆಯದೆ ಬರೆಸಿ. ನಿಮ್ಮ ಪತಿಯ ಜೊತೆ ಕೂತು ಮಾತನಾಡಲು ನಾನು ಸಿದ್ಧನಿದ್ದೇನೆ. ಪತ್ರಿಕೆಯ ಮೂಲಕ ತಿಳಿಸಿದರೆ ನಾನೇ ನಿಮ್ಮೂರಿಗೆ ಬರುತ್ತೇನೆ.
– ವ್ಯಾಪಾರಿ, ಹೊಸನಗರ